ಎತ್ತರದ ಮೋಡಗಳು ಮತ್ತು ಚಳಿಗಾಲದ ತೂಫಾನಿನ ಮುನ್ನೆಚ್ಚರಿಕೆ



ಚಳಿಗಾಲದ ಬಿರುಗಾಳಿ ಎಲ್ಲ ಭೂಭಾಗಗಳಲ್ಲಿಯೂ ಒಂದೇ ಬಗೆಯದಾಗಿ ಕಾಣಿಸಿಕೊಳ್ಳುವುದಿಲ್ಲ. ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಅದು ಹಿಮಪಾತವನ್ನೂ ಕೊರೆಯುವ ಗಾಳಿಯನ್ನೂ ಹೊತ್ತು ತರುವ ವಿಶಾಲವಾದ ವಾಯುಭಾರ ಕುಸಿತ. ಕಾಶ್ಮೀರ, ಹಿಮಾಚಲಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಶ್ಚಿಮ ಮಾರುತಗಳೊಡನೆ ಸಾಗಿ ಬಂದು ಬೆಟ್ಟಗಳ ಮೇಲೆ ಹಿಮ ಸುರಿಸುವ ಕ್ಷೋಭೆ. ಉಡುಪಿ ಜಿಲ್ಲೆಯ ನಂದಿಕೂರು, ಪಡುಬಿದ್ರಿ, ಕಾಪು, ಕಾರ್ಕಳಗಳ ಸೀಮೆಯಲ್ಲಾದರೆ ಅದು ತುಳುವರ ಬೊಂತೇಲು, ಜಾರ್ದೆ ತಿಂಗಳುಗಳಲ್ಲಿ, ಎಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗಿನ ಅವಧಿಯಲ್ಲಿ, ಅರಬ್ಬಿ ಸಮುದ್ರದಲ್ಲಿ ಏಳುವ ಅಥವಾ ಬಂಗಾಳ ಕೊಲ್ಲಿಯಿಂದ ದಾಟಿ ಬರುವ ಚಂಡಮಾರುತ. ಕಡಲಿಗೆ ಹೋಗುವವರ ಮಾತಿನಲ್ಲಿ ತೂಫಾನು. ಈ ತೂಫಾನಿನ ಮುನ್ನೆಚ್ಚರಿಕೆ ಹೇಗೆ ರೂಪುಗೊಳ್ಳುತ್ತದೆ, ಬರಿಗಣ್ಣಿಗೆ ಕಾಣುವ ಎತ್ತರದ ಮೋಡಗಳಿಗೂ ಅದಕ್ಕೂ ಏನು ಸಂಬಂಧ, ಮೋಡದ ಸ್ವಭಾವವನ್ನು ತಿಳಿದವರು ಎಚ್ಚರಿಕೆಯನ್ನು ಹೇಗೆ ಓದಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಈ ಉಪನ್ಯಾಸ ಸಾಗುತ್ತದೆ.

ಮುಂಗಾರಿನ ಗಾಳಿಮಳೆಗೆ ಕರಾವಳಿ ಮೊದಲೇ ಸಜ್ಜಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬೋಟುಗಳು ಬಂದರಿನಲ್ಲಿ ಲಂಗರು ಹಾಕಿರುತ್ತವೆ, ಮನೆಯ ಮಾಡು ದುರಸ್ತಿಯಾಗಿರುತ್ತದೆ, ಕಟ್ಟಿಗೆ ಕೊಟ್ಟಿಗೆ ಸೇರಿರುತ್ತದೆ. ಚಳಿಗಾಲದ ಸ್ಥಿತಿಯೇ ಬೇರೆ. ಆಗ ಆಳಸಮುದ್ರ ಬೋಟುಗಳು ವಾರಕ್ಕೂ ಮಿಕ್ಕ ಯಾನದಲ್ಲಿ ದಡದಿಂದ ಬಹುದೂರ ಇರುತ್ತವೆ, ಪರ್ಸಿನ್ ಬೋಟುಗಳೂ ನಾಡದೋಣಿಗಳೂ ದಿನವೂ ಕಡಲಿಗಿಳಿಯುತ್ತವೆ, ಏಣೆಲು ಬೆಳೆಯ ಕೊಯ್ಲು ನಡೆದು ಬೈಹುಲ್ಲು ಬಯಲಿನಲ್ಲಿರುತ್ತದೆ, ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ಮಟ್ಟು ಗ್ರಾಮದ ಗುಳ್ಳ ಬದನೆಯ ಗಿಡಗಳು ಗದ್ದೆಯಲ್ಲಿ ಎದ್ದು ನಿಂತಿರುತ್ತವೆ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಬದುಕು ತೆರೆದ ಆಕಾಶದ ಕೆಳಗೆ ಇರುವ ಕಾಲದಲ್ಲಿ ಬರುವ ಬಿರುಗಾಳಿ, ಮುಂಗಾರಿನ ಅಬ್ಬರಕ್ಕಿಂತ ಬಲದಲ್ಲಿ ಕಡಿಮೆಯಾಗಿದ್ದರೂ, ಹಾನಿಯಲ್ಲಿ ಅದನ್ನು ಮೀರಿಸಬಲ್ಲದು ಎಂಬುದನ್ನು ಮೊದಲಿಗೇ ನೆನಪಿಡಬೇಕು.

ಭಾರತದ ಸುತ್ತಲಿನ ಕಡಲುಗಳ ದೀರ್ಘಕಾಲದ ದಾಖಲೆಯಂತೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳು ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಹುಟ್ಟುವುದು ಒಂದು. ಈ ಲೆಕ್ಕವನ್ನು ನೆಚ್ಚಿ ಪಶ್ಚಿಮ ಕರಾವಳಿ ಬಹುಕಾಲ ತನ್ನನ್ನು ಸುರಕ್ಷಿತವೆಂದೇ ಎಣಿಸಿತ್ತು. ಆದರೆ 2019ರ ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳು ಅರಬ್ಬಿ ಸಮುದ್ರದಲ್ಲಿ ಎದ್ದು 1902ರ ದಾಖಲೆಯನ್ನು ಸರಿಗಟ್ಟಿದವು; ಅವುಗಳಲ್ಲಿ ಕ್ಯಾರ್ ಅಕ್ಟೋಬರ್ ಕೊನೆಯಲ್ಲಿ ಸೂಪರ್ ಸೈಕ್ಲೋನ್ ಮಟ್ಟವನ್ನು ಮುಟ್ಟಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವು 1982ರಿಂದ 2000ದವರೆಗಿನ ಅವಧಿಯೊಡನೆ ಹೋಲಿಸಿದಾಗ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ ಎಂದು ತೋರಿಸಿದೆ. ಕಡಲ ಮೇಲ್ಮೈ ಬಿಸಿಯೇರಿರುವುದು ಇದರ ಮುಖ್ಯ ಕಾರಣಗಳಲ್ಲೊಂದು.

ಇನ್ನು ಮೋಡಗಳ ವಿಚಾರಕ್ಕೆ ಬರಬಹುದು. ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೊವಾರ್ಡ್ 1802ರಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಮೋಡಗಳನ್ನು ರೂಪಕ್ಕನುಸಾರ ವಿಂಗಡಿಸಿ ಲ್ಯಾಟಿನ್ ಹೆಸರುಗಳನ್ನಿಟ್ಟ. ಕನ್ನಡದ ಶಾಲಾ ಪಠ್ಯಗಳು ಅವನ್ನೇ ಅನುಸರಿಸಿ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ, ವೃಷ್ಟಿ ಮೋಡ ಎಂದು ಕರೆದಿವೆ. 1896ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸಿನ ಪರಂಪರೆಯಲ್ಲಿ ಇಂದು ಮೋಡಗಳಿಗೆ ಹತ್ತು ಮುಖ್ಯ ಜಾತಿಗಳಿದ್ದು, ಅವುಗಳಲ್ಲಿ ಎತ್ತರದವು ಮೂರು: ಎಳೆ ಎಳೆಯಾಗಿ ಚೆಲ್ಲಿದ ಸಿರಸ್, ತೆಳುವಾದ ಪರದೆಯಾಗಿ ಹರಡುವ ಸಿರೋಸ್ಟ್ರಾಟಸ್, ಸಣ್ಣ ಸಣ್ಣ ಗುಳ್ಳೆಗಳ ಸಾಲಾಗಿ ಕಾಣುವ ಸಿರೋಕ್ಯುಮುಲಸ್. ಉಷ್ಣವಲಯದಲ್ಲಿ ಇವು ನೆಲದಿಂದ 6ರಿಂದ 18 ಕಿ.ಮೀ. ಎತ್ತರದಲ್ಲಿ ಇರುತ್ತವೆ. ಕಾಪುವಿನ ಬೀಚಿನಲ್ಲಿ ಡಿಸೆಂಬರಿನ ಮಧ್ಯಾಹ್ನ 32 ಡಿಗ್ರಿ ಸೆಖೆ ಇರುವಾಗಲೂ, ನೆತ್ತಿಯ ಮೇಲೆ ಸುಮಾರು 12 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿರುತ್ತದೆ. ಆದ್ದರಿಂದ ಈ ಮೋಡಗಳೆಲ್ಲ ಬಹುತೇಕ ಮಂಜುಗಡ್ಡೆಯ ಹರಳುಗಳಿಂದಲೇ ಆದವು. ಸಿರಸ್ ಮೋಡದಿಂದ ಕೆಳಗೆ ಬಾಗಿದಂತೆ ತೋರುವ ಎಳೆಗಳು ನಿಜಕ್ಕೂ ಬೀಳುತ್ತಿರುವ ಹರಳುಗಳ ಜಾಡು. ಮೇಲಿನ ಪದರದ ಗಾಳಿಗಿಂತ ಕೆಳಗಿನ ಪದರದ ಗಾಳಿ ನಿಧಾನವಾಗಿರುವುದರಿಂದ ಆ ಜಾಡು ಕೊಕ್ಕೆಯಾಗುತ್ತದೆ, ಮತ್ತು ನೆಲ ಮುಟ್ಟುವುದಕ್ಕೆ ಬಹಳ ಮೊದಲೇ ಆ ಹರಳುಗಳು ಒಣಗಾಳಿಯಲ್ಲಿ ಆವಿಯಾಗಿ ಹೋಗುತ್ತವೆ. ಎತ್ತರದ ಮೋಡ ತಾನಾಗಿ ಮಳೆ ಕೊಡುವುದಿಲ್ಲ.

ಈ ಹರಳುಗಳು ಆರು ಮೂಲೆಯವು. ಸೂರ್ಯನ ಅಥವಾ ಚಂದ್ರನ ಬೆಳಕು ಅವುಗಳೊಳಗೆ ಹಾದು ಬರುವಾಗ ಸುಮಾರು 22 ಡಿಗ್ರಿಗಳಷ್ಟು ಬಾಗುವುದರಿಂದ ಬಿಂಬದ ಸುತ್ತ ಒಂದು ದೊಡ್ಡ ಉಂಗುರ ಮೂಡುತ್ತದೆ. ಸಂಸ್ಕೃತದ ಗ್ರಂಥಗಳು ಇದನ್ನು ಪರಿವೇಷವೆಂದು ಕರೆದರೆ ಕನ್ನಡದ ಹಳ್ಳಿಗರು ಚಂದ್ರ ಗುಡಿ ಕಟ್ಟಿದ ಎನ್ನುತ್ತಾರೆ. ಕೈಯನ್ನು ಪೂರ್ತಿ ಚಾಚಿ ಬೆರಳಗಲಿಸಿ ಹಿಡಿದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಗೇಣು ಕಣ್ಣಿಗೆ ಹೆಚ್ಚುಕಡಿಮೆ ಇಷ್ಟೇ ಕೋನವನ್ನು ತುಂಬುತ್ತದೆ. ಹೆಬ್ಬೆರಳನ್ನು ಚಂದ್ರನ ಮೇಲಿಟ್ಟಾಗ ಕಿರುಬೆರಳು ಉಂಗುರವನ್ನು ಮುಟ್ಟಿದರೆ ಅದು ಹರಳಿನ ಗುಡಿ. ಚಂದ್ರನಿಗೆ ಅಂಟಿಕೊಂಡಂತೆ ಕಾಣುವ ಸಣ್ಣ ಬಣ್ಣದ ವರ್ತುಲ ಬೇರೆ ಬಗೆಯದು. ಅದು ಕೆಳಗಿನ ಅಥವಾ ನಡು ಎತ್ತರದ ಮೋಡದ ನೀರಹನಿಗಳಿಂದ ಆಗುವಂಥದ್ದು. ಗುಡಿ ದೂರವಾದಷ್ಟೂ ಮಳೆ ಹತ್ತಿರ ಎಂಬ ನಂಬಿಕೆ ದಕ್ಷಿಣ ಭಾರತದ ಹಲವೆಡೆ ಇದೆ. ಅದರಲ್ಲಿ ತಿರುಳಿಲ್ಲದೆ ಇಲ್ಲ, ಏಕೆಂದರೆ ದೊಡ್ಡ ಉಂಗುರ ಮೇಲಿನ ಗಾಳಿಗೆ ತೇವ ಬಂದಿರುವುದನ್ನು ಖಚಿತವಾಗಿ ತಿಳಿಸುತ್ತದೆ. ಆದರೆ ಆ ತೇವ ಎಲ್ಲಿಂದ ಬಂತು ಎಂಬುದನ್ನು ಉಂಗುರವೊಂದೇ ಹೇಳಲಾರದು.

ಮೇಲಿನ ಗಾಳಿಯ ತೇವವನ್ನು ಅಳೆಯಲು ಇನ್ನೊಂದು ಸುಲಭವಾದ ಗುರುತು ಇದೆ. ಮುಂಬಯಿ ಮತ್ತು ಕೇರಳದ ನಡುವೆ ಹಾರುವ ವಿಮಾನಗಳು ಈ ಸೀಮೆಯ ಮೇಲೆ 10ರಿಂದ 12 ಕಿ.ಮೀ. ಎತ್ತರದಲ್ಲಿ ಹಾದುಹೋಗುವಾಗ ಅವುಗಳ ಎಂಜಿನಿನ ಆವಿ ಹೆಪ್ಪುಗಟ್ಟಿ ಬಿಳಿಯ ಗೆರೆ ಮೂಡುತ್ತದೆ. ಗೆರೆ ವಿಮಾನದ ಹಿಂದೆಯೇ ಅಳಿಸಿ ಹೋದರೆ ಅಲ್ಲಿ ಗಾಳಿ ಒಣಗಿದೆ. ಗೆರೆ ಉಳಿದು, ಹಿಗ್ಗಿ, ಅರ್ಧ ತಾಸಿನಲ್ಲಿ ಸಿರಸ್ ಮೋಡದಂತೆಯೇ ಹರಡಿದರೆ ಅಲ್ಲಿ ತೇವ ತುಂಬಿದೆ. ಚಳಿಗಾಲದ ಶುಭ್ರವಾದ ಬೆಳಗಿನಲ್ಲಿ ಮಣಿಪಾಲದ ಗುಡ್ಡದ ಮೇಲೆ, ಪಶ್ಚಿಮಕ್ಕೆ ಕಡಲೂ ಪೂರ್ವಕ್ಕೆ ಘಟ್ಟವೂ ಒಟ್ಟಿಗೆ ಕಾಣುವ ಎಡೆಯಲ್ಲಿ ನಿಂತವರು ಇದನ್ನು ಯಾವ ಉಪಕರಣವೂ ಇಲ್ಲದೆ ನೋಡಬಹುದು.

ಈಗ ಈ ಮೋಡಗಳಿಗೂ ತೂಫಾನಿಗೂ ಇರುವ ಸಂಬಂಧ. ಚಂಡಮಾರುತವೆಂದರೆ ಬೆಚ್ಚಗಿನ ಕಡಲಿನ ಆವಿಯನ್ನು ಉರುವಲಾಗಿಸಿಕೊಂಡು ನಡೆಯುವ ಒಂದು ಮಹಾಯಂತ್ರ. ಕೆಳಗೆ ಗಾಳಿ ಸುತ್ತಲಿಂದ ಒಳಗೆ ಸುಳಿಯುತ್ತದೆ, ಉತ್ತರ ಗೋಳಾರ್ಧದಲ್ಲಿ ಎಡಸುತ್ತಾಗಿ, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಕೇಂದ್ರದ ಬಳಿ ಅದು ಮೇಲೇರಿ, ಆವಿ ನೀರಾಗುವಾಗ ಬಿಡುಗಡೆಯಾಗುವ ಶಾಖದಿಂದ ಇನ್ನಷ್ಟು ಮೇಲೇರಿ, ಸುಮಾರು 16 ಕಿ.ಮೀ. ಎತ್ತರದಲ್ಲಿ ವಾತಾವರಣದ ಕೆಳಪದರ ಮುಗಿಯುವ ಗಡಿಯನ್ನು ಮುಟ್ಟುತ್ತದೆ. ಅದಕ್ಕಿಂತ ಮೇಲೆ ಹೋಗಲಾರದೆ, ಒಲೆಯ ಹೊಗೆ ಹಂಚಿನ ಮಾಡಿನ ಅಡಿಗೆ ತಡೆದು ಸುತ್ತಲೂ ಹರಡುವ ರೀತಿಯಲ್ಲಿ, ಆ ಗಾಳಿ ಹೊರಮುಖವಾಗಿ, ಈಗ ಬಲಸುತ್ತಾಗಿ, ನೂರಾರು ಕಿ.ಮೀ. ದೂರದವರೆಗೆ ಹರಿದುಹೋಗುತ್ತದೆ. ಹೀಗೆ ಹೊರಹೋಗುವ ಗಾಳಿಯಲ್ಲಿ ಉಳಿದ ಹರಳುಗಳೇ ತೂಫಾನಿನ ಸಿರಸ್. ತೂಫಾನು ಇನ್ನೂ ಲಕ್ಷದ್ವೀಪದ ಆಚೆ ಇರುವಾಗಲೇ ಕಾಪುವಿನ ಆಕಾಶದಲ್ಲಿ ಅದರ ಗುರುತು ಕಾಣಿಸಲು ಇದೇ ಕಾರಣ. ಅಲ್ಲಿಯವರೆಗೂ ಕೆಳಗೆ ಗಾಳಿ ಶಾಂತವಾಗಿಯೂ ಬಿಸಿಲು ಪ್ರಖರವಾಗಿಯೂ ಇರಬಹುದು.

ಈ ತತ್ವವನ್ನು ಜನರ ರಕ್ಷಣೆಗೆ ಬಳಸಿದವರಲ್ಲಿ ಮೊದಲಿಗರೆಂದು ಕ್ಯೂಬಾ ದೇಶದ ಹವಾನಾ ನಗರದ ಬೆಲೆನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಜೆಸ್ವಿಟ್ ಪಾದ್ರಿ ಬೆನಿಟೊ ವಿನ್ಯೆಸ್ ಅವರನ್ನು ಸ್ಮರಿಸಬೇಕು. 1870ರಿಂದ ಅವರು ದಿನಕ್ಕೆ ಹಲವು ಬಾರಿ ಮೋಡಗಳ ದಿಕ್ಕನ್ನು ದಾಖಲಿಸುತ್ತ ಬಂದು, ದಿಗಂತದ ಒಂದು ಬಿಂದುವಿನಿಂದ ಬೀಸಣಿಗೆಯಾಕಾರದಲ್ಲಿ ಹೊರಟ ಸಿರಸ್ ಎಳೆಗಳು ಬಿರುಗಾಳಿಯ ಕೇಂದ್ರವನ್ನು ಸೂಚಿಸುತ್ತವೆ, ಆ ಬಿಂದು ಪಕ್ಕಕ್ಕೆ ಸರಿಯದೆ ನಿಂತಲ್ಲೇ ನಿಂತು ಮೋಡ ದಟ್ಟವಾಗುತ್ತ ಹೋದರೆ ಬಿರುಗಾಳಿ ನೇರವಾಗಿ ಎದುರಿಗೆ ಬರುತ್ತಿದೆ ಎಂಬ ನಿಯಮಗಳನ್ನು ಕಂಡುಕೊಂಡು, 1875ರ ಸೆಪ್ಟೆಂಬರ್ 11ರಂದು ಮೊದಲ ಮುನ್ನೆಚ್ಚರಿಕೆಯನ್ನು ಪ್ರಕಟಿಸಿದರು. ಅದೇ 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಅದರ ಹಿಂದೆ 1864ರ ಕಲ್ಕತ್ತಾ ಚಂಡಮಾರುತದ ಅಪಾರ ಸಾವುನೋವು, 1866ರ ಮುಂಗಾರು ವೈಫಲ್ಯ ಮತ್ತು ಕ್ಷಾಮಗಳ ನೆನಪಿತ್ತು.

ವಿನ್ಯೆಸ್ ಅವರ ನಿಯಮಕ್ಕೆ ಒಂದು ಮಿತಿ ಇದೆ, ಅದನ್ನು ಮರೆತರೆ ಮೋಡ ನೋಡುವ ಹವ್ಯಾಸ ಭಯ ಹುಟ್ಟಿಸುವ ಕಸುಬಾಗುತ್ತದೆ. ಸಮಾನಾಂತರವಾಗಿ ಹರಿದ ಮೋಡದ ಪಟ್ಟೆಗಳೂ, ನೇರವಾದ ರೈಲುಹಳಿಗಳು ದೂರದಲ್ಲಿ ಕೂಡಿದಂತೆ ತೋರುವ ಅದೇ ದೃಷ್ಟಿನಿಯಮದಿಂದ, ದಿಗಂತದಲ್ಲಿ ಕೂಡಿದಂತೆ ಕಾಣುತ್ತವೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಕರಾವಳಿಯ ಮೇಲಿನ ಎತ್ತರದ ಗಾಳಿ ಸಾಮಾನ್ಯವಾಗಿ ಪಶ್ಚಿಮದ ಕಡೆಯದಾದ್ದರಿಂದ, ಆ ಗಾಳಿ ಹೊತ್ತು ತಂದ ನಿರಪಾಯದ ಪಟ್ಟೆಗಳು ಕಡಲಿನಿಂದಲೇ ಎದ್ದಂತೆ ಕಂಡು ಮೋಸಗೊಳಿಸಬಹುದು. ಸಿರಸ್ ಬಂದ ಮಾತ್ರಕ್ಕೆ ತೂಫಾನಿಲ್ಲ. ಗಮನಿಸಬೇಕಾದದ್ದು ಅದರ ಕ್ರಮ. ಎಳೆಗಳು ಪರದೆಯಾಗಿ, ಪರದೆಯಲ್ಲಿ ಸೂರ್ಯನ ಗುಡಿ ಮೂಡಿ, ಪರದೆ ದಪ್ಪವಾಗಿ ಸೂರ್ಯನು ಮಸುಕಾದ ಬಿಲ್ಲೆಯಂತೆ ಕಾಣುವ ನಡು ಎತ್ತರದ ಮೋಡವಾಗಿ, ಒಂದು ಹಗಲಿನೊಳಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದರೆ ಅದು ಗಂಭೀರವಾದ ಲಕ್ಷಣ.

ಜೊತೆಗೆ ಎರಡು ಎತ್ತರದ ಗಾಳಿಗಳನ್ನು ಹೋಲಿಸಿ ನೋಡಬೇಕು. ಇದಕ್ಕೆ ನಂದಿಕೂರಿನ ಸುತ್ತಲಿನವರಿಗೆ ಒಂದು ಅನುಕೂಲವಿದೆ, ಹತ್ತಿರದ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ 1200 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಸ್ಥಾವರದ ಎತ್ತರದ ಚಿಮಣಿ. ಆ ಸ್ಥಾವರದ ಸಾಧಕಬಾಧಕಗಳು ಬೇರೆಯೇ ಚರ್ಚೆಗೆ ತಕ್ಕವು. ಇಲ್ಲಿ ಬೇಕಾದದ್ದು ಅದರ ಹೊಗೆ ಬಾಗುವ ದಿಕ್ಕು ಮಾತ್ರ. ಸಹಜವಾದ ಚಳಿಗಾಲದ ದಿನಗಳಲ್ಲಿ ಬೆಳಿಗ್ಗೆ ನೆಲಗಾಳಿಯಿಂದ ಹೊಗೆ ಕಡಲ ಕಡೆಗೆ ವಾಲುತ್ತದೆ, ಮಧ್ಯಾಹ್ನ ಕಡಲಗಾಳಿ ಎದ್ದು ಅದನ್ನು ಘಟ್ಟದ ಕಡೆಗೆ ತಿರುಗಿಸುತ್ತದೆ. ನೈಋತ್ಯದ ಕಡಲಿನಲ್ಲಿ ಬಲವಾದ ವಾಯುಭಾರ ಕುಸಿತವಿದ್ದರೆ ಈ ದಿನಚರಿ ಮುರಿಯುತ್ತದೆ: ಮಧ್ಯಾಹ್ನವಾದರೂ ಕಡಲಗಾಳಿ ಏಳುವುದಿಲ್ಲ, ಕೆಳಗಿನ ಗಾಳಿ ಆಗ್ನೇಯದಿಂದಲೇ ಬೀಸಿ ಹೊಗೆಯನ್ನು ವಾಯವ್ಯಕ್ಕೆ ತಳ್ಳುತ್ತದೆ, ಅದೇ ಹೊತ್ತಿಗೆ ಎತ್ತರದ ಎಳೆಮೋಡಗಳು ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತಿರುತ್ತವೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಉತ್ತರ ಗೋಳಾರ್ಧದಲ್ಲಿ ಕಡಿಮೆ ಒತ್ತಡವು ಎಡಗೈ ಕಡೆಗೆ ಇರುತ್ತದೆ ಎಂದು ಡಚ್ ವಿಜ್ಞಾನಿ ಬೈಸ್ ಬಲ್ಲಟ್ 1857ರಲ್ಲಿ ನಿರೂಪಿಸಿದ ನಿಯಮಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಕಡಲಿನವರು ಮೋಡಕ್ಕಿಂತ ಹೆಚ್ಚಾಗಿ ನಂಬುವುದು ಅಲೆಯನ್ನು, ಅದಕ್ಕೆ ಭೌತಶಾಸ್ತ್ರದ ಆಧಾರವೂ ಇದೆ. ದೂರದ ಬಿರುಗಾಳಿ ಎಬ್ಬಿಸಿದ ಉದ್ದಲೆಗಳು, ಒಂದು ಅಲೆ ಮತ್ತು ಮುಂದಿನ ಅಲೆಯ ನಡುವೆ 15 ಸೆಕೆಂಡುಗಳ ಅಂತರವಿದ್ದರೆ, ಗಂಟೆಗೆ ಸುಮಾರು 42 ಕಿ.ಮೀ.ಯಂತೆ ದಿನಕ್ಕೆ ಹತ್ತಿರ ಹತ್ತಿರ 1000 ಕಿ.ಮೀ. ಸಾಗಿ ಬರುತ್ತವೆ, ತೂಫಾನಾದರೋ ದಿನಕ್ಕೆ ಸಾಮಾನ್ಯವಾಗಿ 300ರಿಂದ 500 ಕಿ.ಮೀ. ಮಾತ್ರ ಚಲಿಸುತ್ತದೆ. ಹಾಗಾಗಿ ಗಾಳಿಯಿಲ್ಲದ ದಿನ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬುಡದ ಬಂಡೆಗಳಿಗೆ ಉದ್ದ ವಿರಾಮದ ಭಾರವಾದ ಅಲೆಗಳು ಬಡಿಯತೊಡಗಿದರೆ ಕಡಲಿನಲ್ಲಿ ಎಲ್ಲೋ ಏನೋ ನಡೆದಿದೆ ಎಂದು ಹಿರಿಯ ಮೀನುಗಾರರು ಊಹಿಸುವುದು ಸರಿಯಾದ ಊಹೆ. ಎತ್ತರದ ಮೋಡ, ತಿರುಗದ ಗಾಳಿ, ಉದ್ದಲೆ ಇವು ಮೂರೂ ಒಂದೇ ದಿನ ಕೂಡಿದಾಗ ಅನುಮಾನಕ್ಕೆ ಹೆಚ್ಚು ಎಡೆ ಇರುವುದಿಲ್ಲ.

ಇಂಥ ವೀಕ್ಷಣೆ ಈ ನಾಡಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪರಿವೇಷಕ್ಕೆ ಒಂದು ಅಧ್ಯಾಯವಿದೆ. ಮಾರ್ಗಶಿರದಿಂದ ಮುಂದಿನ ಚಳಿಗಾಲದ ಮೋಡಗಳನ್ನು ಮಳೆಯ ಗರ್ಭವೆಂದು ಭಾವಿಸಿ, ಅದು 195 ದಿನಗಳ ಬಳಿಕ ಮಳೆಯಾಗಿ ಪ್ರಸವಿಸುತ್ತದೆ ಎನ್ನುವ ಇನ್ನೊಂದು ಅಧ್ಯಾಯವೂ ಇದೆ. ಕನ್ನಡದಲ್ಲಿಯೇ, ವಿದ್ವಾಂಸರು ಸುಮಾರು 1300ರ ಕಾಲಕ್ಕೆ ಸೇರಿಸುವ ಜೈನ ಕವಿ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಉತ್ಪಾತಗಳ ಲಕ್ಷಣಗಳಿಗೆ ಮೀಸಲಾದ ಕೃತಿ. ಈ ಗ್ರಂಥಗಳ ಫಲಸೂಚನೆಗಳನ್ನು ಇಂದಿನ ಹವಾಮಾನಶಾಸ್ತ್ರ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಆಕಾಶವನ್ನು ದಿನವೂ, ದಿಕ್ಕು ಬಣ್ಣ ಹೊತ್ತುಗಳ ಸಮೇತ ನೋಡಿ ಗುರುತು ಮಾಡಬೇಕೆಂಬ ಶಿಸ್ತು ಅವುಗಳಲ್ಲಿ ದೃಢವಾಗಿದೆ. ಆ ಶಿಸ್ತು ಮರೆಯಾಗಿ ಆಧುನಿಕ ಯಂತ್ರದ ಮೇಲಿನ ಭರವಸೆಯೊಂದೇ ಉಳಿದಿರುವುದು ನಷ್ಟವೆಂಬುದು ಈ ಉಪನ್ಯಾಸದ ನಿಲುವು.

ಯಂತ್ರವೂ ಮೋಡವನ್ನೇ ನೋಡುತ್ತದೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳು ಅವರಕ್ತ ಕಿರಣಗಳಲ್ಲಿ, ಎಂದರೆ ವಸ್ತುಗಳು ಹೊರಸೂಸುವ ಕಣ್ಣಿಗೆ ಕಾಣದ ಶಾಖದ ಬೆಳಕಿನಲ್ಲಿ, ಹಗಲಿರುಳೂ ಚಿತ್ರ ತೆಗೆಯುತ್ತವೆ. ಚಿತ್ರದಲ್ಲಿ ತಣ್ಣನೆಯ ಮೋಡ ಬೆಳ್ಳಗೆ ಕಾಣುವುದರಿಂದ ಎತ್ತರದ ಮೋಡವೇ ಎಲ್ಲಕ್ಕಿಂತ ಎದ್ದು ತೋರುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ. ಮಳೆಯಿಲ್ಲದ ಬರಿಯ ಹರಳಿನ ಹೊದಿಕೆಯೂ ಭಾರಿ ಮಳೆಮೋಡದಂತೆಯೇ ಬೆಳ್ಳಗಿರುತ್ತದೆ. ತೂಫಾನಿನ ನೆತ್ತಿಯ ಮೇಲೆ ದಟ್ಟವಾದ ಸಿರಸ್ ಮುಸುಕು ಬಿದ್ದಾಗ ಅದರ ಕಣ್ಣು ಎಲ್ಲಿದೆ, ಕಣ್ಣಿನ ಸುತ್ತಲಿನ ಮೋಡದ ಗೋಡೆ ಬಲಿಯುತ್ತಿದೆಯೋ ಸಡಿಲುತ್ತಿದೆಯೋ ಎಂಬುದು ಮರೆಯಾಗುತ್ತದೆ. ಅಮೆರಿಕದ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದ, ಮೋಡದ ವಿನ್ಯಾಸ ನೋಡಿ ತೂಫಾನಿಗೆ 1ರಿಂದ 8ರವರೆಗಿನ ಅಂಕ ಕೊಡುವ ಕ್ರಮ ಇಂದಿಗೂ ಬಳಕೆಯಲ್ಲಿರುವುದು ಈ ಮುಸುಕಿನ ಹಿಂದಿರುವುದನ್ನು ಅಂದಾಜಿಸುವುದಕ್ಕಾಗಿಯೇ. ಸೂಕ್ಷ್ಮತರಂಗಗಳು ಹರಳಿನ ಹೊದಿಕೆಯನ್ನು ಭೇದಿಸಿ ಒಳಗನ್ನು ತೋರಿಸಬಲ್ಲವು, ಆದರೆ ಅವನ್ನು ಹೊತ್ತ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು, ಒಂದು ಜಾಗದ ಮೇಲೆ ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತವೆ. ಗೋವಾ, ಕೊಚ್ಚಿಗಳ ಡಾಪ್ಲರ್ ರಾಡಾರುಗಳು ಮಳೆಹನಿಯ ಚಲನೆಯನ್ನೇ ಹಿಡಿಯುತ್ತವೆ, ಆದರೆ ಭೂಮಿಯ ಬಾಗಿನಿಂದಾಗಿ ದೂರದ ಕಡಲಿನ ಕೆಳಮೋಡ ಅವುಗಳ ದೃಷ್ಟಿಗೆ ನಿಲುಕುವುದಿಲ್ಲ. ತೂಫಾನನ್ನು ದೂರದಿಂದ ತೋರಿಸಿಕೊಡುವ ಮೋಡವೇ ಅದರ ಎದೆಯನ್ನು ಮುಚ್ಚಿಡುತ್ತದೆ. ತೂಫಾನು ಎತ್ತ ಹೋಗುತ್ತದೆ ಎಂಬ ಮುನ್ಸೂಚನೆ ಇಷ್ಟು ಸುಧಾರಿಸಿದ ಮೇಲೂ ಅದು ಎಷ್ಟು ಬೇಗ ಬಲಿಯುತ್ತದೆ ಎಂಬ ಮುನ್ಸೂಚನೆ ಹಿಂದೆ ಬಿದ್ದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಎಚ್ಚರಿಕೆಯ ರಚನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಗಂಟೆಗೆ 31ರಿಂದ 49 ಕಿ.ಮೀ. ವೇಗದ ಗಾಳಿಯಿದ್ದರೆ ವಾಯುಭಾರ ಕುಸಿತ, 61ರವರೆಗೆ ತೀವ್ರ ವಾಯುಭಾರ ಕುಸಿತ, 62ರಿಂದ 88ರವರೆಗೆ ಚಂಡಮಾರುತ; 118ನ್ನು ಮುಟ್ಟಿದರೆ ಅತಿ ತೀವ್ರ ಚಂಡಮಾರುತ, 222 ಮತ್ತು ಅದಕ್ಕೆ ಮೇಲ್ಪಟ್ಟರೆ ಸೂಪರ್ ಸೈಕ್ಲೋನ್. ಚಂಡಮಾರುತದಿಂದ ಕರಾವಳಿಯ ಹವೆ ಕೆಡತೊಡಗುವ 72 ಗಂಟೆಗಳ ಮೊದಲು ಹವಾಮಾನ ಇಲಾಖೆಯ ಮೊದಲ ಸೂಚನೆ, 48 ಗಂಟೆಗಳ ಮೊದಲು ಹಳದಿ ಬಣ್ಣದ ಜಾಗ್ರತೆ, 24 ಗಂಟೆಗಳ ಮೊದಲು ಕಿತ್ತಳೆ ಬಣ್ಣದ ಎಚ್ಚರಿಕೆ, ದಡ ಸೇರುವ ಸುಮಾರು 12 ಗಂಟೆಗಳ ಮೊದಲು ಒಳನಾಡಿಗೂ ಅನ್ವಯಿಸುವ ಕೆಂಪು ಬಣ್ಣದ ಪ್ರಕಟಣೆ ಹೊರಡುತ್ತವೆ. ಬಂದರುಗಳಿಗೆ 1865ರಲ್ಲಿ ಕಲ್ಕತ್ತಾದಲ್ಲಿ ಆರಂಭವಾದ ಪದ್ಧತಿಯ ಮುಂದುವರಿಕೆಯಾಗಿ 1ರಿಂದ 11ರವರೆಗಿನ ಸಂಕೇತಗಳಿವೆ: 1 ಮತ್ತು 2 ದೂರದ ಕಡಲಿನ ಅಪಾಯಕ್ಕೆ, 3 ಮತ್ತು 4 ಬಂದರಿಗೇ ಬೀಸಬಹುದಾದ ಗಾಳಿಗೆ, 5ರಿಂದ 7 ಅಪಾಯಕ್ಕೆ, 8ರಿಂದ 10 ಮಹಾ ಅಪಾಯಕ್ಕೆ, 11 ಎಂದರೆ ಎಚ್ಚರಿಕೆ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದು.

ಪತ್ರಿಕೆಗಳಲ್ಲಿ ದಿನವೂ ಕಾಣುವ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕರಾವಳಿಯ ಮಾತುಕತೆಯಲ್ಲಿ ಇವುಗಳಷ್ಟು ತಪ್ಪಾಗಿ ಅರ್ಥೈಸಲಾಗುವ ಸಂಗತಿ ಬೇರೊಂದಿಲ್ಲ. ದಿನದ ಮಳೆ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಎಂಬುದು ಮಳೆಯ ಅಳತೆ; ಬಣ್ಣವಾದರೋ ಆಗಬಹುದಾದ ಪರಿಣಾಮವನ್ನೂ ಅದು ಆಗುವ ಸಂಭವನೀಯತೆಯನ್ನೂ ಕೂಡಿಸಿ ಕೊಡುವ ನಿರ್ದೇಶನ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ದೊಡ್ಡ ಅಪಾಯ ಸಣ್ಣ ಸಂಭವದೊಡನೆ ಕೂಡಿದಾಗಲೂ, ಸಣ್ಣ ಅಪಾಯ ಬಹುತೇಕ ಖಚಿತವಾದಾಗಲೂ ಬಣ್ಣ ಹಳದಿಯೇ ಆಗಿರಬಹುದು. ಇದಲ್ಲದೆ ಎಚ್ಚರಿಕೆ ಕೊಡುವುದು ಜಿಲ್ಲೆಗೆ. ಉಡುಪಿ ಜಿಲ್ಲೆಯಾದರೋ ಪಡುಬಿದ್ರಿಯ ಮರಳಿನಿಂದ ಹೆಬ್ರಿಯ ಆಚೆಯ ಘಟ್ಟದ ಬುಡದವರೆಗೆ ಹಬ್ಬಿದೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಘಟ್ಟವನ್ನು ಏರುವುದರಿಂದ ಕಾರ್ಕಳ, ಹೆಬ್ರಿಗಳಲ್ಲಿ ಕಾಪುವಿಗಿಂತ ಹೆಚ್ಚು ಮಳೆ ಬೀಳುವುದು ವಾಡಿಕೆ. ಚಳಿಗಾಲದ ತೂಫಾನಿನ ಅವಶೇಷ ಪೂರ್ವದಿಂದ ಘಟ್ಟವಿಳಿದು ಬಂದಾಗ ಆ ಹಂಚಿಕೆ ಏರುಪೇರಾಗುತ್ತದೆ. ಕೆಂಪು ಎಚ್ಚರಿಕೆಯ ದಿನ, ಶಾಲೆಗೆ ರಜೆ ಸಾರಿದ ದಿನ ಕಾಪುವಿನಲ್ಲಿ ಬಿಸಿಲು ಬಿದ್ದರೆ ಎಚ್ಚರಿಕೆ ಹುಸಿಯಾಯಿತೆಂದು ಲೇವಡಿ ಮಾಡುವುದು ಸಾಮಾನ್ಯವಾಗಿದೆ. 24 ಗಂಟೆ ಮುಂದಿನ ತೂಫಾನಿನ ಸ್ಥಾನವನ್ನು ಹೇಳುವಲ್ಲಿ ಇಲಾಖೆಯ ಸರಾಸರಿ ತಪ್ಪು ಇತ್ತೀಚಿನ ವರ್ಷಗಳಲ್ಲಿ 100 ಕಿ.ಮೀ.ಗಿಂತ ಕೆಳಗೆ ಇಳಿದಿದೆ, ಅದು ಸಣ್ಣ ಸಾಧನೆಯಲ್ಲ. ಆದರೆ ಪಡುಬಿದ್ರಿಯಿಂದ ಬೈಂದೂರಿನವರೆಗಿನ ಕರಾವಳಿಯೇ ಸುಮಾರು 100 ಕಿ.ಮೀ. ಇರುವಾಗ, ಜಿಲ್ಲೆ ಪೂರ್ತಿಯಾಗಿ ಆ ತಪ್ಪಿನ ಅಂತರದೊಳಗೆ ಅಡಗಿಹೋಗುತ್ತದೆ.

ಇದಕ್ಕೆ ವಿರುದ್ಧವಾದ, ಎಚ್ಚರಿಕೆಗೆ ಸಮಯವೇ ಸಾಲದ ಸ್ಥಿತಿಗೆ ಓಖಿ ಚಂಡಮಾರುತ ನಿದರ್ಶನ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದ ಅದು ಮರುದಿನ ಬೆಳಗಿನ ಹೊತ್ತಿಗೆ ಕನ್ಯಾಕುಮಾರಿಯ ಕಡಲಿನಲ್ಲಿ ಚಂಡಮಾರುತವಾಗಿ, ಡಿಸೆಂಬರ್ 1ರಂದು ಲಕ್ಷದ್ವೀಪದ ಕಡೆಗೆ ಸಾಗುತ್ತ ಅತಿ ತೀವ್ರ ಚಂಡಮಾರುತವಾಯಿತು. ಎಚ್ಚರಿಕೆ ದಡಕ್ಕೆ ಮುಟ್ಟುವ ಮೊದಲೇ ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಕಡಲಿನಲ್ಲಿದ್ದರು, ಕೆಲವರು ಹೊರಟು ಹಲವು ದಿನಗಳಾಗಿದ್ದವು. ನೂರಾರು ಮಂದಿ ಹಿಂದಿರುಗಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಕೆಲವೇ ಮೈಲಿಗಳಲ್ಲಿ ನಿಂತುಹೋಗುತ್ತದೆ, ಬೋಟಿನ ವೈರ್‌ಲೆಸ್ ಇನ್ನಷ್ಟು ದೂರಕ್ಕೆ ಮುಟ್ಟಿದರೂ ಆಳಸಮುದ್ರ ಬೋಟಿನ ನಾಯಕನಾದ ತಾಂಡೇಲನನ್ನು ತಲುಪುವುದಿಲ್ಲ. ಆ ದುರಂತದ ಬಳಿಕ 2018ರಲ್ಲಿ ತಿರುವನಂತಪುರದಲ್ಲಿ ಕೇರಳ, ಕರ್ನಾಟಕ, ಲಕ್ಷದ್ವೀಪಗಳಿಗಾಗಿ ಚಂಡಮಾರುತ ಎಚ್ಚರಿಕೆ ಕೇಂದ್ರ ಆರಂಭವಾಯಿತು. 2019ರ ಅಕ್ಟೋಬರಿನಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಪಗ್ರಹದ ಮೂಲಕವೇ ಬೋಟಿಗೆ ಸಂದೇಶ ತಲುಪಿಸುವ ಜೆಮಿನಿ ಎಂಬ ಉಪಕರಣವನ್ನು ಬಳಕೆಗೆ ತಂದಿತು.

2024ರ ಫೆಂಗಲ್ ಇನ್ನೊಂದು ಬಗೆಯದು. ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಆ ಚಂಡಮಾರುತ ದುರ್ಬಲವಾಗಿ, ಒಳನಾಡನ್ನು ದಾಟಿ, ಡಿಸೆಂಬರ್ ಮೊದಲ ವಾರದಲ್ಲಿ ಕೇರಳ-ಕರ್ನಾಟಕದ ಆಚೆಯ ಅರಬ್ಬಿ ಸಮುದ್ರಕ್ಕೆ ಇಳಿಯುವಾಗ ಕರಾವಳಿಯಲ್ಲಿ ಅಕಾಲದ ಭಾರಿ ಮಳೆ ಸುರಿಸಿತು. ಚಂಡಮಾರುತವೆಂಬ ಪದವಿಯನ್ನು ಕಳೆದುಕೊಂಡ ಮೇಲೂ ಅದರ ತೇವ ಉಳಿದಿತ್ತು. ಚಳಿಗಾಲದ್ದಲ್ಲದಿದ್ದರೂ 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಇಲ್ಲಿ ನೆನೆಯಲೇಬೇಕು. ಅದರ ಕೇಂದ್ರ ಕರ್ನಾಟಕದ ದಡವನ್ನು ಮುಟ್ಟದೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿಹೋಯಿತು. ಆದರೂ ಕಾಪು-ಮೂಲ್ಕಿ ಕಡಲಿನ ಬಂಡೆಗಳ ನಡುವೆ ಸಿಲುಕಿದ ಒಂದು ಟಗ್ಗಿನ 9 ಮಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆಯ ನೌಕೆಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಪಾರುಮಾಡಬೇಕಾಯಿತು. ಭೂಪಟದಲ್ಲಿ ಎಳೆದ ಪಥದ ಗೆರೆಯನ್ನು ತೂಫಾನಿನ ಗಾತ್ರವೆಂದು ಭ್ರಮಿಸಬಾರದೆಂಬುದಕ್ಕೆ ಆ ಬಂಡೆಗಳು ಸಾಕ್ಷಿ.

ಹೀಗಿರುವಾಗ ಮೋಡ ನೋಡುವುದನ್ನು ಎಚ್ಚರಿಕೆಗೆ ಬದಲಿಯೆಂದು ಯಾರೂ ತಿಳಿಯಬಾರದು. ಸಿರಸ್ ಕಂಡ ಬಳಿಕ ಬೋಟು ತಿರುಗಿಸಲು ಉಳಿಯುವ ಹೊತ್ತಿಗಿಂತ ಹೆಚ್ಚಿನ ಹೊತ್ತನ್ನು ಇಲಾಖೆಯ ಪ್ರಕಟಣೆ ಬಹುತೇಕ ಯಾವಾಗಲೂ ಕೊಡುತ್ತದೆ. ವೀಕ್ಷಣೆಯ ಬೆಲೆ ಇರುವುದು ಎಚ್ಚರಿಕೆಯನ್ನು ಅರ್ಥಮಾಡಿಕೊಳ್ಳುವ ಬುದ್ಧಿಯನ್ನು ಬೆಳೆಸುವುದರಲ್ಲಿ, ಮತ್ತು ಅದನ್ನು ಶಾಲೆಯಲ್ಲಿಯೇ ಆರಂಭಿಸಬಹುದು. ಜಗತ್ತಿನ ಹವಾಮಾನ ವೀಕ್ಷಕರೆಲ್ಲರೂ ಬಳಸುವ ಪದ್ಧತಿಯಲ್ಲಿ ಎತ್ತರದ ಮೋಡಗಳಿಗೆಂದೇ 1ರಿಂದ 9ರವರೆಗಿನ ಸಂಕೇತಗಳಿವೆ. ಅವುಗಳಲ್ಲಿ 5 ಎಂದರೆ ಆಕಾಶವನ್ನು ಆವರಿಸುತ್ತ ಬರುತ್ತಿರುವ ಪರದೆ ಇನ್ನೂ ದಿಗಂತದಿಂದ 45 ಡಿಗ್ರಿ ಎತ್ತರಕ್ಕೆ ಏರಿಲ್ಲ; 6 ಎಂದರೆ 45 ಡಿಗ್ರಿಯನ್ನು ದಾಟಿದೆ; 7 ಎಂದರೆ ಆಕಾಶವಿಡೀ ಮುಚ್ಚಿದೆ. ದಿಗಂತಕ್ಕೂ ನೆತ್ತಿಗೂ ನಡುವಿನ ಅರ್ಧವನ್ನು ಕಣ್ಣಳತೆಯಲ್ಲಿ ಗುರುತಿಸಲು ಹೈಸ್ಕೂಲಿನ ಮಗುವಿಗೆ ಯಾವ ಸಲಕರಣೆಯೂ ಬೇಡ. ಹವಾಮಾನ ಕೇಂದ್ರಗಳಲ್ಲಿ ವೀಕ್ಷಣೆ ನಡೆಯುವ ಬೆಳಗಿನ 8.30 ಮತ್ತು ಸಂಜೆಯ 5.30ರ ಹೊತ್ತಿಗೆ ನಂದಿಕೂರಿನಲ್ಲಿ, ಕಾಪುವಿನಲ್ಲಿ, ಕಾರ್ಕಳದಲ್ಲಿ ಒಂದೊಂದು ಶಾಲೆಯವರು ಈ ಸಂಕೇತವನ್ನೂ ಹೊಗೆಯ ದಿಕ್ಕನ್ನೂ ಪುಸ್ತಕದಲ್ಲಿ ಬರೆದು, ಅದರ ಪಕ್ಕದಲ್ಲಿ ಆ ದಿನದ ಅಲರ್ಟಿನ ಬಣ್ಣವನ್ನೂ ಮರುದಿನ ಮಳೆಮಾಪಕದಲ್ಲಿ ಕಂಡ ಮಿ.ಮೀ. ಲೆಕ್ಕವನ್ನೂ ಸೇರಿಸುತ್ತ ಹೋದರೆ, ಕೆಂಪು ಬಣ್ಣದ ದಿನ ಕಡಲ ತೀರದಲ್ಲಿ ಬಿಸಿಲೂ ಘಟ್ಟದ ಬುಡದಲ್ಲಿ ಮಳೆಯೂ ಇದ್ದದ್ದು ಮೂರು ಊರುಗಳ ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟಾಗ ಮಕ್ಕಳಿಗೇ ಕಾಣುತ್ತದೆ.